ಷೂ ವ್ಯಾಪಾರಿಗಳ ಮನೆಯಿಂದ ಬಂದ ಕಾರ್ಬುರೇಟರ್

ಪತ್ರ: ಅಪ್ಪನ ಹಳೇ ಅಂಬಾಸಡರ್‌ನ ಕಾರ್ಬುರೇಟರ್ (ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಬಿಚ್ಚಿ ತೊಳೆಯುವಾಗ ಅದರ ಮೇಲೆ ‘ಎಸ್‌ಯು’ ಅಂತ ಇರೋದು ಕಂಡಿತು. ಇದು ಬ್ರಿಟನ್ನಿನ ಕಾರು ಕಂಪನಿ ಮೋರಿಸ್‌ನವರೇ ಶುರು ಮಾಡಿದ ಕಂಪನಿಯಾ? ಚೆನ್ನಾಗಿಲ್ಲ ಅಂತ ಬಿಟ್ಟರಾ?
– ಓದುಗರೊಬ್ಬರು, ಹಾಸನ

ಉತ್ತರ: ಎರಡಕ್ಕೂ ಅಲ್ಲ ಅನ್ನೋದೇ ಉತ್ತರ. ಇದನ್ನು ಶುರು ಮಾಡಿದವರು ಲಂಡನ್ನಿನ ಸ್ಕಿನ್ನರ್ ಸಹೋದರರು. ಅವರದು ‘ಲಿಲ್ಲಿ ಅಂಡ್ ಸ್ಕಿನ್ನರ್’ ಷೂ ಅಂಗಡಿಗಳ ಮನೆತನ. ಅಣ್ಣ ಜಾರ್ಜ್ ಹರ್ಬರ್ಟ್‌ಗೆ ಎಂಜಿನ್ ಹುಚ್ಚು. ಅವನು ಮಾಡಿದ ಮೊದಲ ಕಾರ್ಬುರೇಟರ್‌ನಲ್ಲಿ ಪಿಸ್ಟನ್ ಇರಲಿಲ್ಲ, ಚರ್ಮದ ತಿದಿ ಇತ್ತು! ತಮ್ಮ ಕಾರ್ಲ್ ಕೂಡ ಷೂ ವ್ಯಾಪಾರ ಬಿಟ್ಟು ಬಂದ. 1910ರಲ್ಲಿ ಕಂಪನಿಯಾಯಿತು, ‘ಸ್ಕಿನ್ನರ್ಸ್ ಯೂನಿಯನ್’ನ ಎರಡಕ್ಷರವೇ ಅದರ ಹೆಸರಾಯಿತು. ಮೋರಿಸ್ ಬಂದಿದ್ದು 1926ರಲ್ಲಿ. ಒಂದು ಲಕ್ಷ ಪೌಂಡ್ ಕೊಟ್ಟು ಕೊಂಡುಕೊಂಡು, ತಯಾರಿಕೆಯನ್ನು ಬರ್ಮಿಂಗ್‌ಹ್ಯಾಮ್‌ಗೆ ಒಯ್ದರು.

ಇದರ ಕೆಲಸ ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಬೇರೆ ಹೆಚ್ಚಿನ ಕಾರ್ಬುರೇಟರ್‌ಗಳಲ್ಲಿ ಗಾಳಿ ಹೋಗುವ ದಾರಿಯ ಅಳತೆ ಬದಲಾಗುವುದಿಲ್ಲ, ಹಾಗಾಗಿ ನಿಧಾನಕ್ಕೊಂದು ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು), ವೇಗಕ್ಕೊಂದು ಜೆಟ್ ಬೇಕು. ಇಲ್ಲಿ ಎಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಅಷ್ಟು ಪಿಸ್ಟನ್ ಮೇಲೇಳುತ್ತದೆ, ಅದರ ತಳದಲ್ಲಿರುವ ಚೂಪು ಸೂಜಿಯೂ ಜೆಟ್ಟಿನಿಂದ ಮೇಲೆ ಬರುತ್ತದೆ, ಸಂದು ಅಗಲವಾದಷ್ಟೂ ಪೆಟ್ರೋಲ್ ಜಾಸ್ತಿ. ಒಂದೇ ಜೆಟ್, ಒಂದೇ ಸೂಜಿ, ಅಷ್ಟೇ. ಪಿಸ್ಟನ್ ದಡಕ್ಕನೆ ಏಳಬಾರದು ಅಂತ ಮೇಲಿನ ಕೊಳವೆಯಲ್ಲಿ ಸ್ವಲ್ಪ ಎಣ್ಣೆ ಇರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ನಿಮ್ಮ ಕಾರು ಮುಗ್ಗರಿಸುತ್ತಿದ್ದರೆ, ಪಿಕಪ್ ಇಲ್ಲ ಅಂತ ಬೇರೇನೂ ಬಿಚ್ಚುವ ಮೊದಲು ಆ ಎಣ್ಣೆ ಇದೆಯಾ ನೋಡಿ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಮರ್ಲಿನ್ ಎಂಜಿನ್‌ಗೂ ಇದೇ ಕಂಪನಿಯ ಕಾರ್ಬುರೇಟರ್ ಇತ್ತು (ಅದು ಕಾರಿನದ್ದಲ್ಲ, ಬೇರೆಯೇ ವಿನ್ಯಾಸ). ಮೂಗು ತಗ್ಗಿಸಿ ತಟ್ಟನೆ ಕೆಳಗಿಳಿದರೆ ಅದರಲ್ಲಿ ಪೆಟ್ರೋಲ್ ಏರುಪೇರಾಗಿ ಎಂಜಿನ್ ಕಟ್ ಆಗುತ್ತಿತ್ತು. ಜರ್ಮನ್ನರ ಮೆಸರ್ಸ್ಮಿಟ್ ವಿಮಾನಕ್ಕೆ ಇಂಜೆಕ್ಷನ್ (ಕಾರ್ಬುರೇಟರ್ ಇಲ್ಲದೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆ) ಇತ್ತು, ಹಾಗಾಗಿ ಅದು ಹಾಗೇ ಡೈವ್ ಹೊಡೆದು ತಪ್ಪಿಸಿಕೊಳ್ಳುತ್ತಿತ್ತು. 1941ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್, ಪೆಟ್ರೋಲ್ ಒಂದು ಮಿತಿಗಿಂತ ಹೆಚ್ಚು ನುಗ್ಗದಂತೆ ತೂತಿರುವ ಪುಟ್ಟ ಬಿಲ್ಲೆಯೊಂದನ್ನು ಮಾಡಿದರು. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಗಂಟೆಗೆ 100 ಮೈಲಿಗೂ ಜಾಸ್ತಿ ವೇಗದಲ್ಲಿ ಬೈಕ್ ಓಡಿಸಿದ್ದ ಹೆಣ್ಣುಮಗಳು ಅವರು! ಪೂರ್ತಿ ಪರಿಹಾರ ಆಮೇಲೆ ಬಂತು, ಆದರೆ ಆ ಹೊತ್ತಿಗೆ ಪೈಲಟ್‌ಗಳ ಜೀವ ಉಳಿಸಿದ್ದು ಆ ಬಿಲ್ಲೆ.

ಯುದ್ಧದ ನಂತರ ಮೋರಿಸ್ ಮೈನರ್, ಎಂಜಿ, ಜಾಗ್ವಾರ್, ಮಿನಿ, ಕೊನೆಗೆ ಸ್ವೀಡನ್ನಿನ ವೋಲ್ವೋ ತನಕ ಇದೇ. ನಿಮ್ಮ ಅಂಬಾಸಡರ್‌ನ ಮೂಲವೂ ಮೋರಿಸ್ ಆಕ್ಸ್‌ಫರ್ಡ್ ತಾನೇ.

ಚೆನ್ನಾಗಿಲ್ಲ ಅಂತ ಯಾರೂ ಬಿಡಲಿಲ್ಲ. ಹೊಗೆಯ ನಿಯಮ ಬಿಗಿಯಾಯಿತು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದ ಮೇಲೆ ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಅಳೆದು ಕೊಡಬೇಕು, ಅದು ಸೂಜಿ, ಪಿಸ್ಟನ್ನಿನ ಕೈಲಾಗುವ ಕೆಲಸವಲ್ಲ. 1990ರ ದಶಕದಲ್ಲಿ ಮಿನಿ ಕೂಡ ಇಂಜೆಕ್ಷನ್‌ಗೆ ಹೋಯಿತು. ಆದರೆ ಹೆಸರು ಸಾಯಲಿಲ್ಲ. 1996ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಕಂಪನಿ ಅದನ್ನು ಕೊಂಡುಕೊಂಡಿತು. ಜೆಟ್, ಸೂಜಿ, ಬೇಕೆಂದರೆ ಇಡೀ ಕಾರ್ಬುರೇಟರನ್ನೇ ಅವರು ಹೊಸದಾಗಿ ಮಾಡಿ ಮಾರುತ್ತಾರೆ.