ತೀರ್ಪು ತಡವಾದರೆ ಬಿಡುಗಡೆ ಖಚಿತವೇ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಕಾಲುವೆ ನೀರಿನ ಜಗಳದಲ್ಲಿ ನಮ್ಮ ಸೋದರಮಾವನ ಮೇಲೆ ಕೊಲೆ ಯತ್ನದ ಕೇಸ್ ಆಗಿದೆ. ಜಾಮೀನಿನ ಮೇಲೆ ಹೊರಗಿದ್ದಾರೆ. ವಾದ ಮುಗಿದು ಮೂರು ವಾರ ಆಯಿತು, ತೀರ್ಪು ಬಂದಿಲ್ಲ. ಅಮೆರಿಕದಲ್ಲಿ ಜ್ಯೂರಿ ಒಂದೆರಡು ದಿನದಲ್ಲೇ ತೀರ್ಮಾನ ಹೇಳುತ್ತದೆ, ಬೇಗ ಬಂದರೆ ಶಿಕ್ಷೆ, ತಡವಾದರೆ ಬಿಡುಗಡೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಮನೆಯಲ್ಲಿ ಎಲ್ಲರೂ ಈಗ ಇದೇ ಲೆಕ್ಕ ಹಾಕುತ್ತಿದ್ದಾರೆ. ಇದು ನಿಜವೇ?
– ಹೆಸರು ಬೇಡ, ಗಂಗಾವತಿ

ಉತ್ತರ: ನಿಜ ಅಲ್ಲ ತಮ್ಮಾ. ಇಲ್ಲಿ ಬಳ್ಳಾರಿ ಕೋರ್ಟಿನಲ್ಲೂ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ತೀರ್ಪು ಮುಂದಕ್ಕೆ ಹೋದರೆ ಆರೋಪಿ ಕಡೆಯವರು "ಸಾಹೇಬರಿಗೆ ಬಿಡುವ ಮನಸ್ಸಿದೆ" ಅನ್ನುತ್ತಾರೆ. ಫಿರ್ಯಾದಿ ಕಡೆಯವರು "ಶಿಕ್ಷೆ ಬರೆಯೋಕೆ ಟೈಮ್ ಬೇಕಲ್ಲ" ಅನ್ನುತ್ತಾರೆ. ಎರಡು ಮನೆಯಲ್ಲೂ ನಿದ್ದೆ ಇರುವುದಿಲ್ಲ. ಆ ಸಂಕಟ ನನಗೆ ಗೊತ್ತು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಜ್ಯೂರಿ ಅಂದರೆ ಸಾಮಾನ್ಯವಾಗಿ ಹನ್ನೆರಡು ಜನ, ನಿನ್ನ ನನ್ನ ಹಾಗೆ ಊರಿನ ಸಾಮಾನ್ಯ ಜನ. ಸಾಕ್ಷಿ, ವಾದ ಎಲ್ಲ ಮುಗಿದ ಮೇಲೆ ಜಡ್ಜ್ ಅವರಿಗೆ ಕಾನೂನು ತಿಳಿಸಿ ಒಂದು ಕೋಣೆಗೆ ಕಳಿಸುತ್ತಾರೆ. ಆ ಮಾತುಕತೆಗೆ ಹೊರಗಿನವರು ಯಾರೂ ಹೋಗುವಂತಿಲ್ಲ. ಅನುಮಾನ ಬಂದರೆ ಚೀಟಿ ಬರೆದು ಜಡ್ಜ್‌ಗೆ ಕಳಿಸಬೇಕು: ಆ ಸಾಕ್ಷಿಯ ಹೇಳಿಕೆ ಇನ್ನೊಮ್ಮೆ ಓದಿಸಿ, ಈ ಮಾತಿಗೆ ಕಾನೂನಿನಲ್ಲಿ ಏನರ್ಥ, ಹೀಗೆ. ಅಮೆರಿಕದಲ್ಲಿ ಗಂಭೀರ ಅಪರಾಧಕ್ಕೆ ಅಷ್ಟೂ ಜನ ಒಂದೇ ಮಾತು ಹೇಳಬೇಕು. ಒಬ್ಬರು ಒಪ್ಪದಿದ್ದರೂ ಮತ್ತೆ ಚರ್ಚೆ. ಕೊನೆಗೂ ಒಮ್ಮತ ಬರದಿದ್ದರೆ ಆ ವಿಚಾರಣೆಯೇ ರದ್ದು. ಇಂಗ್ಲೆಂಡಿನಲ್ಲಿ ಸ್ವಲ್ಪ ಸಡಿಲ. ಕನಿಷ್ಠ ಎರಡು ಗಂಟೆ ಚರ್ಚೆ ಆದಮೇಲೆ, ಹನ್ನೆರಡರಲ್ಲಿ ಹತ್ತು ಜನ ಒಪ್ಪಿದರೂ ಸಾಕು ಎಂದು ಜಡ್ಜ್ ಹೇಳಬಹುದು.

ಈಗ ಆ ವಿಡಿಯೊದವರ ಲೆಕ್ಕಕ್ಕೆ ಬಾ. 1995ರಲ್ಲಿ ಅಮೆರಿಕದ ಮಾಜಿ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಮೇಲಿನ ಕೊಲೆ ಕೇಸಿನ ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಜ್ಯೂರಿ ನಾಲ್ಕು ಗಂಟೆಯೊಳಗೆ ತೀರ್ಮಾನಕ್ಕೆ ಬಂತು. ಬಂದದ್ದು ಬಿಡುಗಡೆ! 2021ರಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ಕೇಸಿನಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್ ಅಪರಾಧಿ ಎನ್ನಲು ಸುಮಾರು ಹತ್ತು ಗಂಟೆ ಬೇಕಾಯಿತು. ನಟ ಬಿಲ್ ಕಾಸ್ಬಿ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು ಇನ್ನೂ ಸ್ಪಷ್ಟ. 2017ರ ಜ್ಯೂರಿ ಸುಮಾರು 52 ಗಂಟೆ ಚರ್ಚಿಸಿಯೂ ಒಮ್ಮತಕ್ಕೆ ಬರಲಿಲ್ಲ. ಮರುವರ್ಷ ಅದೇ ಆರೋಪಕ್ಕೆ ಬೇರೆ ಜ್ಯೂರಿ ಎರಡು ದಿನದಲ್ಲಿ ಅಪರಾಧಿ ಎಂದಿತು. 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಆ ತೀರ್ಪನ್ನೂ ರದ್ದು ಮಾಡಿತು. ಹೇಳು, ಇದರಲ್ಲಿ ಗಂಟೆ ನೋಡಿ ಏನು ಊಹಿಸುವುದು?

ಜ್ಯೂರಿ ಬೇಗ ಮುಗಿಸುವುದಕ್ಕೆ ಇನ್ನೊಂದು ಕಾರಣ ಇದೆ. ಅವರು ಕಾರಣ ಬರೆಯಬೇಕಿಲ್ಲ. ಅಪರಾಧಿ ಹೌದು ಅಥವಾ ಅಲ್ಲ, ಅಷ್ಟೇ. ನಮ್ಮಲ್ಲೂ ಜ್ಯೂರಿ ಇತ್ತು. 1959ರಲ್ಲಿ ನೌಕಾಪಡೆ ಅಧಿಕಾರಿ ನಾನಾವತಿ ಕೇಸಿನಲ್ಲಿ ಬೊಂಬಾಯಿಯ ಜ್ಯೂರಿಯ ಒಂಬತ್ತರಲ್ಲಿ ಎಂಟು ಜನ ತಪ್ಪಿತಸ್ಥ ಅಲ್ಲ ಅಂದರು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕೆಂದು ಹೇಳುವ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ನಿಮ್ಮ ಮಾವನ ಕೇಸಿನಲ್ಲಿ ಜಡ್ಜ್ ಒಬ್ಬರೇ. ಅವರು ನಿರ್ಧರಿಸಬೇಕಾದ ಅಂಶ, ಅದಕ್ಕೆ ಉತ್ತರ, ಆ ಉತ್ತರಕ್ಕೆ ಕಾರಣ ಎಲ್ಲವನ್ನೂ ಬರೆಯಲೇಬೇಕು. ಗಾಯಾಳು ಹೇಳಿದ್ದು ವೈದ್ಯರ ಗಾಯದ ಸರ್ಟಿಫಿಕೇಟಿಗೆ ಹೊಂದುತ್ತದೆಯೇ? ಕುಡುಗೋಲು ಸಿಕ್ಕ ಪಂಚನಾಮೆಗೆ ಸಹಿ ಹಾಕಿದ ಪಂಚರು ಕೋರ್ಟಿನಲ್ಲಿ ಉಲ್ಟಾ ಹೊಡೆದರೇ? ಒಂದೊಂದನ್ನೂ ಫೈಲಿನಲ್ಲಿ ಹುಡುಕಿ, ಸ್ಟೆನೋಗೆ ಹೇಳಿ ಬರೆಸಿ, ತಿದ್ದಬೇಕು. ಅದರ ಜೊತೆ ದಿನವೂ ಬೇರೆ ಕೇಸುಗಳಿರುತ್ತವೆ. ನನ್ನ ಮಟ್ಟಿಗೆ ಕಾರಣ ಬರೆದ ತೀರ್ಪು ನಾಲ್ಕು ವಾರ ತಡವಾದರೂ ಮೇಲು. ತಪ್ಪಾಗಿದ್ದರೆ ಎಲ್ಲಿ ತಪ್ಪು ಎಂದು ಮೇಲಿನ ಕೋರ್ಟಿಗೆ ತೋರಿಸಬಹುದು.

ಹಾಗಂತ ಎಷ್ಟು ದಿನ ಬೇಕಾದರೂ ಎಳೆಯುವಂತಿಲ್ಲ. ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ ಸೆಷನ್ಸ್ ಕೇಸಿನಲ್ಲಿ (ಕೊಲೆ ಯತ್ನದಂಥ ಗಂಭೀರ ಕೇಸು ಸೆಷನ್ಸ್ ಕೋರ್ಟಿನಲ್ಲೇ ನಡೆಯುತ್ತದೆ) ವಾದ ಮುಗಿದ 30 ದಿನದೊಳಗೆ ತೀರ್ಪು ಬರಬೇಕು. ಕಾರಣ ಬರೆದಿಟ್ಟರೆ 45 ದಿನದವರೆಗೆ ಹೋಗಬಹುದು. 2024ರ ಜುಲೈ 1ಕ್ಕೆ ಮುಂಚೆಯೇ ವಿಚಾರಣೆ ನಡೆಯುತ್ತಿದ್ದರೆ 1973ರ ಹಳೇ ಸಂಹಿತೆಯೇ ಅನ್ವಯ, ಅದರಲ್ಲಿ ಇಂಥ ಗಡುವು ಇರಲಿಲ್ಲ. ನಿಮ್ಮದು ಯಾವುದು ಎಂದು ವಕೀಲರನ್ನು ಕೇಳು.

ತೀರ್ಪಿನ ದಿನ ಮಾವ ಕೋರ್ಟಿನಲ್ಲಿ ಇರಲಿ, ಜಾಮೀನುದಾರರಿಗೂ ಮೊದಲೇ ತಿಳಿಸಿ. ಜೈಲು ಶಿಕ್ಷೆ ಆದರೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ಶಿಕ್ಷೆ ಮೂರು ವರ್ಷ ಮೀರದಿದ್ದರೆ, ಮೇಲ್ಮನವಿ ಹಾಕುವವರೆಗೆ ಜಾಮೀನು ಕೊಡಿ ಎಂದು ಅದೇ ಕೋರ್ಟಿನಲ್ಲಿ ಅವತ್ತೇ ಕೇಳಬಹುದು. ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹಾಕಲು 60 ದಿನ ಇರುತ್ತದೆ. ಫೀಸಿಗೆ ಕಷ್ಟವಾದರೆ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಅರ್ಹತೆ ಇದ್ದರೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.