ಹಸು ಏಳುವ ಮೂರು ಸೆಕೆಂಡು

(ಗುರುತು ಸಿಗಬಾರದು ಅಂತ ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ.)

ನಾನು ಮನಸ್ಸಿನ ಕಷ್ಟಗಳಿಗೆ ಸಲಹೆ ಕೊಡುವವಳು. ವಿನುತ ನನ್ನ ಹತ್ತಿರ ಮೊದಲ ಸಲ ಬಂದಾಗ ಅವಳ ಬ್ಯಾಗು ಕುರ್ಚಿಯ ಪಕ್ಕ ಧೊಪ್ಪಂತ ಕೂತಿತು. ಒಳಗೆ ಒಂದು ರೀಮ್ ಕಾಗದ. 500 ಹಾಳೆ. ಪ್ಯಾಕೆಟ್ ಬಿಚ್ಚಿರಲಿಲ್ಲ. "ಮೂರು ವಾರದಿಂದ ಹೊತ್ಕೊಂಡು ಓಡಾಡ್ತಿದ್ದೀನಿ ಮೇಡಂ. ಬಿಚ್ಚೋಕೆ ಆಗ್ತಿಲ್ಲ" ಅಂದಳು.

ವಯಸ್ಸು 20. ಮಲೆನಾಡಿನ ಕಡೆಯವಳು. ಬೆಂಗಳೂರಿನಲ್ಲಿ ಅನಿಮೇಷನ್ ಎರಡನೇ ವರ್ಷ. ಕಂಪ್ಯೂಟರಿನಲ್ಲಿ ಮಾಡುವ ತ್ರೀಡಿ ಅಲ್ಲ, ಕಾಗದದ ಮೇಲೆ ಒಂದೊಂದೇ ಚಿತ್ರ ಬರೆದು ಓಡಿಸುವುದು ಅವಳ ಆಸೆ. ರಾತ್ರಿ ನಿದ್ದೆಯಿಲ್ಲ, ಊಟ ಅರ್ಧಕ್ಕರ್ಧ, ಮಾತೆತ್ತಿದರೆ ಅಳು. ನೋಡಲಾರದೆ ಪಿಜಿಯ ರೂಮ್‌ಮೇಟ್ ಬಲವಂತ ಮಾಡಿ ಕಳಿಸಿದ್ದಳು. ನಾನು "ನೀವು" ಅಂತ ಶುರು ಮಾಡಿದೆ. "ನೀನು ಅನ್ನಿ ಮೇಡಂ, ಕಾಲೇಜಲ್ಲಿ ಎಲ್ಲರೂ ನೀವು ಅಂತಾರೆ, ಪರಕೀಯ ಅನ್ಸುತ್ತೆ" ಅಂದಳು. ಸರಿ ಅಂದೆ.

ಸಾಯುವ ಯೋಚನೆ ಬಂದಿತ್ತಾ ಅಂತ ನೇರವಾಗಿಯೇ ಕೇಳಿದೆ. ಈ ಪ್ರಶ್ನೆ ಕೇಳಿದರೆ ಆ ಯೋಚನೆ ನಾವೇ ತುಂಬಿದಂತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಇಲ್ಲ ಅಂದಳು, ಕಣ್ಣು ತಪ್ಪಿಸದೆ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅವಳ ಫೋನಿಗೆ ಹಾಕಿಸಿದೆ. ನಡುರಾತ್ರಿ ನಾನು ಫೋನ್ ಎತ್ತದೇ ಇರಬಹುದು, ಅವರು ಎತ್ತುತ್ತಾರೆ.

ಕಷ್ಟ ಏನು ಅಂತ ಅರ್ಥ ಮಾಡಿಕೊಳ್ಳಲು ನನಗೆ ಅವಳ ಕಸುಬಿನ ಪಾಠವೇ ಬೇಕಾಯಿತು. ಒಂದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಮೊದಲು ಮುಖ್ಯ ಭಂಗಿಗಳು, ಅವು ಕೀ. ಆಮೇಲೆ ಅವುಗಳ ನಡುವಿನವು, ಇನ್‌ಬಿಟ್ವೀನ್. ಅಡಿಯ ಹಾಳೆಯ ಗೆರೆ ಕಾಣಲು ಕೆಳಗೆ ಲೈಟ್ ಬಾಕ್ಸ್, ಹಾಳೆ ಅಲುಗದಂತೆ ಹಿಡಿಯಲು ಪೆಗ್ ಬಾರ್. ಬೆರಳ ಸಂದಿಯಲ್ಲಿ ಐದು ಹಾಳೆ ಸಿಕ್ಕಿಸಿಕೊಂಡು ಹಿಂದೆ ಮುಂದೆ ಮಗುಚುತ್ತಾ ಬರೆಯಬೇಕು. ಮೊದಲ ವರ್ಷ ಪುಟಿಯುವ ಚೆಂಡು, ಅರ್ಧ ತುಂಬಿದ ಹಿಟ್ಟಿನ ಚೀಲ ನೆಗೆಯುವುದು, ಮನುಷ್ಯನ ನಡಿಗೆ. ಎಲ್ಲದರಲ್ಲೂ ಅವಳದು ಒಳ್ಳೆಯ ಕೆಲಸವೇ. ಒಬ್ಬ ಮುದುಕಿ ಬಸ್ ಹತ್ತುವ ನಾಲ್ಕು ಸೆಕೆಂಡನ್ನು ಮೇಷ್ಟ್ರು ಇಡೀ ಕ್ಲಾಸಿಗೆ ತೋರಿಸಿದ್ದರಂತೆ.

ಎರಡನೇ ವರ್ಷ ನಾಲ್ಕು ಕಾಲಿನ ಪ್ರಾಣಿ. ಅಲ್ಲಿ ನಿಂತುಹೋದಳು.

ಕುದುರೆ ಆರಿಸಿಕೊಂಡಿದ್ದಳು. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಡಿಗೆಯ ಈ ಕ್ರಮ ಬಾಯಿಪಾಠ. ಆದರೆ ಪೆನ್ಸಿಲ್ ಟೆಸ್ಟ್ ಮಾಡಿ, ಅಂದರೆ ಬರೆದ ಹಾಳೆಗಳ ಫೋಟೋ ತೆಗೆದು ಸಾಲಾಗಿ ಓಡಿಸಿ ನೋಡಿದರೆ ಕುದುರೆ ಮುಂದೆ ಹೋಗುತ್ತಿಲ್ಲ, ನೆಲದ ಮೇಲೆ ಜಾರುತ್ತಿದೆ. ಹರಿದಳು, ಮತ್ತೆ ಬರೆದಳು, ಹರಿದಳು. ಕ್ಲಾಸಿಗೆ ಹೋದರೂ ಮೇಷ್ಟ್ರಿಗೆ ಹಾಳೆ ತೋರಿಸುವುದು ಬಿಟ್ಟಳು. ರಾತ್ರಿ ಎರಡರವರೆಗೆ ಬೇರೆ ದೇಶದ ಅನಿಮೇಟರುಗಳ ರೀಲ್ಸ್. ಹದಿನಾರರ ಹುಡುಗ ಚಿರತೆ ಓಡಿಸಿದ್ದಾನೆ, ಹದಿನೆಂಟರ ಹುಡುಗಿ ತೋಳ ಓಡಿಸಿದ್ದಾಳೆ. "ನಂಗೆ ಕೈಯೇ ಇಲ್ಲ ಮೇಡಂ. ಮೊದಲ ವರ್ಷ ಬಂದಿದ್ದು ಸುಮ್ನೆ ಅದೃಷ್ಟ."

ಎಲ್ಲಕ್ಕಿಂತ ಭಾರವಾದದ್ದು ಕೊನೆಗೆ ಹೊರಗೆ ಬಂತು. ಅಪ್ಪ ಅಡಿಕೆ ವ್ಯಾಪಾರಿಯ ಹತ್ತಿರ ಮುಂಗಡ ಎತ್ತಿ ಫೀಸು ಕಟ್ಟಿದ್ದಾರೆ. ಎಲ್ಲ ಅಸೈನ್‌ಮೆಂಟೂ ಕೊಟ್ಟಾಗಿದೆ ಅಂತ ಅವರಿಗೆ ಹೇಳಿದ್ದಾಳೆ. ಒಂದೂ ಕೊಟ್ಟಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇಂಥ ಮಕ್ಕಳಿಗೆ ನಾನು ಒಂದು ಕೆಲಸ ಹೇಳುತ್ತಿದ್ದೆ. ಹಳೆಯದನ್ನೂ ಹೊಸದನ್ನೂ ತಾರೀಕಿನ ಪ್ರಕಾರ ಜೋಡಿಸಿ ನೋಡು, ಎಷ್ಟು ದೂರ ಬಂದಿದ್ದೀಯ ಅಂತ ಗೊತ್ತಾಗುತ್ತೆ. ಸಂಗೀತ ಕಲಿಯುವವರಲ್ಲಿ, ಇಂಗ್ಲಿಷ್ ಕಲಿಯುವವರಲ್ಲಿ ಕೆಲಸ ಮಾಡಿದ ಉಪಾಯ ಇದು. ಇವಳಿಗೂ ಹೇಳಿದೆ. ಮುಂದಿನ ವಾರ ಹಾಳೆಗಳನ್ನು ತಂದು ನೆಲದ ಮೇಲೆ ಹರಡಿದಳು. ಒಂದು ಕಡೆ ಮೊದಲ ವರ್ಷದ ಮುದುಕಿ, ಇನ್ನೊಂದು ಕಡೆ ಹರಿಯದೆ ಉಳಿದ ಕುದುರೆ. "ನೋಡಿ ಮೇಡಂ, ಆಗಲೇ ಚೆನ್ನಾಗಿ ಬರೀತಿದ್ದೆ" ಅಂದಳು.

ಏನು ಹೇಳಲಿ? ಅವಳು ಹೇಳಿದ್ದು ನಿಜವಾಗಿತ್ತು. ಮುದುಕಿಯ ಚಿತ್ರದಲ್ಲಿ ಗೆರೆ ಮೇಲೆ ಗೆರೆ, ಗೀಚಾಟ. ಆದರೆ ಆಕೆಯ ಮೈಭಾರ ಎಲ್ಲಿದೆ ಅಂತ ನನ್ನಂಥವಳಿಗೂ ಕಾಣುತ್ತಿತ್ತು. ಕುದುರೆಯದು ಒಂದೇ ಅಚ್ಚುಕಟ್ಟಾದ ಗೆರೆ. ಸುಂದರವಾಗಿತ್ತು, ಪಾಠಪುಸ್ತಕದ ಕುದುರೆಯ ಹಾಗೆ. ಜೀವ ಇರಲಿಲ್ಲ. ನನ್ನ ಉಪಾಯ ನನಗೇ ತಿರುಗಿ ಬಿತ್ತು. ಸುಮ್ಮನೆ ಸಮಾಧಾನ ಹೇಳಿದ್ದರೆ ಅವಳು ಅವತ್ತೇ ನನ್ನನ್ನು ನಂಬುವುದು ಬಿಡುತ್ತಿದ್ದಳು. "ಹೌದು, ನಂಗೂ ಹಾಗೇ ಕಾಣ್ತಿದೆ" ಅಂದೆ. ಆಮೇಲೆ ಕೇಳಿದೆ, ಈ ಮುದುಕಿ ಯಾರು?

"ನಮ್ಮಜ್ಜಿ."

"ಬಸ್ ಹತ್ತೋದು ನೋಡ್ಕೊಂಡು ಬರೆದೆಯಾ?"

"ನೋಡೋದೇನು, ಗೊತ್ತಲ್ವಾ ಮೇಡಂ. ಮೊದಲು ಕೈಚೀಲ ಮೆಟ್ಟಿಲ ಮೇಲೆ ಇಡ್ತಾರೆ. ಆಮೇಲೆ ಕಂಬಿ ಹಿಡೀತಾರೆ. ಹಿಡಿದು ಒಂದು ಸಲ ಡ್ರೈವರ್ ಕಡೆ ನೋಡ್ತಾರೆ, ಎಲ್ಲಿ ಬಸ್ ಬಿಟ್ಬಿಡ್ತಾನೋ ಅಂತ."

ಕುದುರೆ? ಒಂದು ಮದುವೆ ಮೆರವಣಿಗೆಯಲ್ಲಿ ನೋಡಿದ್ದಳು. ಮುಟ್ಟಿರಲಿಲ್ಲ. ಮೇಜಿನ ಮೇಲಿನ ಗೋಡೆಗೆ ಮೈಬ್ರಿಜ್ ಎಂಬ ಫೋಟೋಗ್ರಾಫರ್ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಓಡುವ ಕುದುರೆಯ ಚಿತ್ರಗಳನ್ನು ಅಂಟಿಸಿಕೊಂಡಿದ್ದಳು. ಅನಿಮೇಷನ್ ಕಲಿಯುವ ಎಲ್ಲರೂ ನೋಡುವ ಚಿತ್ರಗಳಂತೆ ಅವು. ಕುದುರೆಯ ನಾಲ್ಕೂ ಕಾಲು ಗಾಳಿಯಲ್ಲಿರುವುದು ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ ಅಂತ ತೋರಿಸಿದ್ದೇ ಆ ಫೋಟೋಗಳು. ಅದುವರೆಗೆ ದೊಡ್ಡ ದೊಡ್ಡ ಚಿತ್ರಕಾರರೂ ಕಾಲು ಚಾಚಿಸಿಯೇ ಬರೆಯುತ್ತಿದ್ದರು. ಇದು ನನಗೆ ಕುತೂಹಲದ ಸಂಗತಿ, ಅವಳಿಗೆ ಇನ್ನೊಂದು ಭಯ. ದಿನಾ ಕುದುರೆ ನೋಡಿದವರೇ ತಪ್ಪಿದ್ದಾರೆ, ಇನ್ನು ನಾನು?

ಕುದುರೆಯೇ ಯಾಕೆ ಅಂತ ಕೇಳಿದಾಗ ತಡವರಿಸಿದಳು. ಮೊದಲ ವರ್ಷ ಸ್ಕೆಚ್ ಪುಸ್ತಕದಲ್ಲಿ ಎಮ್ಮೆ, ಹಸು, ಕರು ತುಂಬಿಸಿದ್ದಳಂತೆ. ಕ್ಲಾಸಿನವರು ಯಾರೋ "ಕೊಟ್ಟಿಗೆ ಸ್ಪೆಷಲಿಸ್ಟ್" ಅಂದರು. ನಕ್ಕು ಬಿಟ್ಟ ಮಾತು. ಅಂದವರಿಗೆ ನೆನಪೂ ಇರಲಿಕ್ಕಿಲ್ಲ. ಇವಳು ಅವತ್ತಿನಿಂದ ಒಂದು ಹಸುವನ್ನೂ ಬರೆದಿರಲಿಲ್ಲ.

ಮೂರನೇ ಭೇಟಿಯಲ್ಲಿ ನಾನು ಸುಮ್ಮನೆ ಮಾತಿಗೆ, ಹಸು ಮಲಗಿದ್ದು ಏಳುವುದೂ ಕುದುರೆಯ ಥರವೇ ಅಲ್ವಾ ಅಂದೆ. ನಾನು ಸಿಟಿಯಲ್ಲಿ ಬೆಳೆದವಳು, ನಿಜವಾಗಿ ಗೊತ್ತಿರಲಿಲ್ಲ.

"ಅಯ್ಯೋ, ಇಲ್ಲ ಮೇಡಂ!" ಅಂದವಳೇ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತಳು. ಕುದುರೆ ಮುಂಗಾಲು ಮೊದಲು ಚಾಚಿ ಊರಿ ಏಳುತ್ತೆ. ಹಸು ತಿರುಗಾಮುರುಗಾ. ತಲೆಯನ್ನು ಒಂದು ಸಲ ಮುಂದಕ್ಕೆ ಜೀಕುತ್ತೆ, ಆ ಜೀಕಿಗೆ ಹಿಂದಿನ ಭಾಗ ಹಗುರಾಗಿ ಸೊಂಟ ಮೇಲೆ ಬರುತ್ತೆ, ಮುಂದೆ ಇನ್ನೂ ಮಂಡಿಯೂರಿಯೇ ಇರುತ್ತೆ. ಆಮೇಲೆ ಒಂದು ಮುಂಗಾಲು, ಮತ್ತೊಂದು. ಹೇಳುತ್ತಲೇ ಮಾಡಿ ತೋರಿಸಿದಳು. ಎರಡೂ ಕೈ ಮಡಚಿ ನೆಲಕ್ಕೆ ಊರಿ, ಸೊಂಟ ಎತ್ತಿ, ಬಗ್ಗಿದ ತಲೆಯಿಂದಲೇ ನನ್ನ ಕಡೆ ನೋಡಿ, "ನಾವು ಮಂಡಿ ಅನ್ನೋದು ನಿಜವಾಗಿ ಅದರ ಮಣಿಕಟ್ಟು ಮೇಡಂ. ಮಣಿಕಟ್ಟಿನ ಮೇಲೆ ಇಷ್ಟು ಭಾರ ಹಾಕುತ್ತೆ" ಅಂದಳು. ಎದ್ದು ಕೂತು ತನ್ನ ಬಲ ಮಣಿಕಟ್ಟು ಉಜ್ಜಿಕೊಂಡಳು. ನೋವಿದೆ ಅಂತ ಗೊತ್ತಾಗಿದ್ದು ಆಗಲೇ.

ಅವತ್ತು ಹೇಳಿದ ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದಲ್ಲ: ಮೂಳೆ ಡಾಕ್ಟರಿಗೆ ತೋರಿಸು. ನಾವು ಸಲಹೆಗಾರರು ಎಲ್ಲವನ್ನೂ ಮನಸ್ಸಿಗೇ ಗಂಟು ಹಾಕುತ್ತೇವೆ. ಕೈ ನೋಯುವವಳಿಗೆ ಚಿತ್ರ ಬರೆಯಲು ಭಯವಾಗುವುದರಲ್ಲಿ ಮನೋವಿಜ್ಞಾನ ಏನಿದೆ? ಡಾಕ್ಟರು ಕೆಲವು ದಿನ ವಿಶ್ರಾಂತಿ, ವ್ಯಾಯಾಮ, ನಡುನಡುವೆ ಬಿಡುವು ಹೇಳಿದರು. ಮಣಿಕಟ್ಟಿನಿಂದ ಅಲ್ಲ, ಭುಜದಿಂದ ಬರಿ ಅಂತ ಮೇಷ್ಟ್ರು ಮೊದಲ ವರ್ಷವೇ ಹೇಳಿದ್ದರಂತೆ. ಗೆರೆ ಅಚ್ಚುಕಟ್ಟಾಗಲಿ ಅಂತ ಇವಳು ಪೆನ್ಸಿಲ್ ಬಿಗಿಯಾಗಿ ಹಿಡಿಯಲು ಶುರು ಮಾಡಿದ್ದಳು.

ಎರಡನೆಯದು ಹಸು ಬರೆಯೋದು. ಆ ರೀಮಿನಲ್ಲಿ. ಆದರೆ ಇನ್‌ಬಿಟ್ವೀನ್ ಮುಟ್ಟಬಾರದು, ಐದೋ ಆರೋ ರಫ್ ಕೀ ಬರೆದು, ನಾಚಿಕೆ ಆಗುವಷ್ಟು ಗೀಚಾಟವಾಗಿದ್ದಾಗಲೇ ಮೇಷ್ಟ್ರ ಮೇಜಿಗೆ ಒಯ್ಯಬೇಕು. ತಪ್ಪು ಆರು ಹಾಳೆಯಲ್ಲಿ ಸಿಕ್ಕರೆ ಆರು ಹಾಳೆಯ ನಷ್ಟ, ನಲವತ್ತರಲ್ಲಿ ಸಿಕ್ಕರೆ ನಲವತ್ತರದು. ಹಳ್ಳಿ ಮನೆಯ ಹುಡುಗಿ, ಈ ಲೆಕ್ಕ ತಕ್ಷಣ ಒಪ್ಪಿಕೊಂಡಳು.

ಹರಿಯುವುದನ್ನು ಬಿಡು ಅಂತ ನಾನು ಹೇಳಲಿಲ್ಲ. ಹೇಳಿದರೆ ಯಾರು ಬಿಡುತ್ತಾರೆ? ಅವತ್ತೇ ಹರಿಯಬೇಡ, ರಟ್ಟಿನ ಡಬ್ಬಕ್ಕೆ ಹಾಕು, ಭಾನುವಾರ ಬೇಕಾದರೆ ಎಲ್ಲ ಒಟ್ಟಿಗೆ ಹರಿ ಅಂದೆ. ಮೊದಲ ಭಾನುವಾರ ಒಂದಿಷ್ಟು ಹರಿದಳು. ಎರಡನೇ ಭಾನುವಾರ ಡಬ್ಬದಿಂದ ಎರಡು ಹಾಳೆ ವಾಪಸ್ ತೆಗೆದುಕೊಂಡಳು. ಫೋನಿನ ಸಲಹೆ ಮಾತ್ರ ಕೈಕೊಟ್ಟಿತು. ರಾತ್ರಿ ರೂಮ್‌ಮೇಟ್ ಮಂಚದ ಪಕ್ಕ ಚಾರ್ಜಿಗೆ ಇಡುವುದು ಅಂತ ಮಾತಾಗಿತ್ತು. ನಾಲ್ಕು ದಿನ ನಡೆಯಿತು, ಐದನೇ ದಿನ ಮತ್ತೆ ಒಂದೂವರೆಯವರೆಗೆ ರೀಲ್ಸ್. ಈಗಲೂ ಆಗೀಗ ಹಾಗೇ.

ಅಪ್ಪನಿಗೆ ನಿಜ ಹೇಳುವುದಕ್ಕೆ ಎರಡು ವಾರ ಬೇಕಾಯಿತು. ಬೈದರೆ ಏನು, ಫೋನ್ ಇಟ್ಟುಬಿಟ್ಟರೆ ಏನು, ಅಮ್ಮ ಅತ್ತರೆ ಏನು, ಎಲ್ಲವನ್ನೂ ಮಾತಾಡಿಕೊಂಡೆವು. ನಾನೇ ಅಪ್ಪನಾಗಿ ಒಂದು ಸಲ ಬೈದೂ ನೋಡಿದೆ. ಅವಳಿಗೆ ನಗು ಬಂತು, ನನ್ನ ಮಲೆನಾಡಿನ ಮಾತು ಅಷ್ಟು ಕೆಟ್ಟದಾಗಿತ್ತಂತೆ. ಕೊನೆಗೆ ಒಂದು ಸಂಜೆ ಫೋನ್ ಮಾಡಿ ಹೇಳಿದಳು. ಅಸೈನ್‌ಮೆಂಟ್ ಕೊಟ್ಟಿಲ್ಲ, ಸುಳ್ಳು ಹೇಳಿದ್ದೆ, ಈಗ ಹಸು ಏಳೋದು ಬರೀತಿದ್ದೀನಿ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಈಗೆಲ್ಲ ಕಂಪ್ಯೂಟರೇ ಬರೆದು ಕೊಡುತ್ತಂತಲ್ಲ, ನೀನು ಕೈಯಲ್ಲಿ ಯಾಕೆ ಬರೀತೀಯ?" ಅಂದರಂತೆ.

ಈ ಪ್ರಶ್ನೆ ಹೊತ್ತು ಅವಳು ಮತ್ತೆ ನನ್ನ ಹತ್ತಿರ ಬಂದಳು. ಕೆಲಸ ಸಿಗುತ್ತೋ ಇಲ್ಲವೋ ಅಂತ ಹೇಳುವುದು ನನ್ನ ಕೆಲಸ ಅಲ್ಲ. ಹಾಗೆ ಭರವಸೆ ಕೊಡುವ ಸಲಹೆಗಾರರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ. ಈಗಾಗಲೇ ಕೆಲಸದಲ್ಲಿರುವ ಇಬ್ಬರು ಸೀನಿಯರ್‌ಗಳ ಜೊತೆ ಕೂತು ಕೇಳು ಅಂದೆ. ಕೇಳಿಬಂದಳು. ಇಬ್ಬರೂ ಕಂಪ್ಯೂಟರಿನಲ್ಲೇ ಕೆಲಸ ಮಾಡುವವರು. ಒಬ್ಬರು, ಭಾರ ಎಲ್ಲಿದೆ, ಟೈಮಿಂಗ್ ಎಷ್ಟು ಅಂತ ತಾನು ಕಲಿತದ್ದು ಪೆನ್ಸಿಲ್ಲಿನಲ್ಲೇ ಅಂದರು. ಇನ್ನೊಬ್ಬರು, ತ್ರೀಡಿಯನ್ನೂ ಕಲಿತುಕೋ, ಬರೀ ಇದನ್ನು ನಂಬಬೇಡ ಅಂದರು. ಎರಡನ್ನೂ ಅಪ್ಪನಿಗೆ ಹಾಗೇ ಹೇಳು ಅಂದೆ. ಅಡಿಕೆ ದರ ಏರುವುದು ಇಳಿಯುವುದು ನೋಡಿದ ಮನುಷ್ಯ, ಖಾತ್ರಿ ಇಲ್ಲದ ಮಾತು ಅವರಿಗೆ ಹೊಸದಲ್ಲ.

ಐದನೇ ಭೇಟಿಯ ಹೊತ್ತಿಗೆ ಮತ್ತೆ ಅಳು. ಈ ಸಲ ಹಿಂಗಾಲು. ಹಿಂದಕ್ಕೆ ಮಡಚಿದ ಹಾಗೆ ಕಾಣುತ್ತಲ್ಲ, ಅದು ಮೊಣಕಾಲಲ್ಲ, ಹಿಮ್ಮಡಿ. ಅಸಲಿ ಮೊಣಕಾಲು ಮೇಲೆ, ಹೊಟ್ಟೆಯ ಹತ್ತಿರ. ಇದು ಗೊತ್ತಿದ್ದೂ ಎರಡು ಕೀಗಳಲ್ಲಿ ತಪ್ಪಿದ್ದಳು. ಆದರೆ ಒಂದು ವ್ಯತ್ಯಾಸ ಕಂಡಿತು. ಮೊದಲು "ನಂಗೆ ಬರಲ್ಲ" ಅನ್ನುತ್ತಿದ್ದವಳು ಈಗ "ಮೂರನೇ ಕೀ, ಹಿಮ್ಮಡಿ ಮೇಲೆ ಹೋಗಿದೆ" ಅಂದಳು. ಅಳುತ್ತಲೇ. ಪ್ರಗತಿ ಅಂದರೆ ಇಷ್ಟೇ ಇರಬಹುದು, ತಪ್ಪಿನ ವಿಳಾಸ ಗೊತ್ತಾಗುವುದು. ಕಣ್ಣು ಮುಂದೆ ಹೋಗಿತ್ತು, ಕೈ ಹಿಂದೆ ಬರುತ್ತಿತ್ತು.

ಅಷ್ಟರಲ್ಲಿ ಅಪ್ಪ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದರು. ಬೆಳಗಿನ ಜಾವ, ಕೊಟ್ಟಿಗೆಯ ಬಲ್ಬಿನ ಬೆಳಕು, ಅಲ್ಲಾಡುವ ಕೈ. ಮೂಲೆಯಲ್ಲಿ ಅವರದೇ ಹವಾಯಿ ಚಪ್ಪಲಿ. ಹಸು ಗೌರಿ ಏಳುವುದು. ಅದರ ಮೇಲೆ ಹಾಳೆ ಇಟ್ಟು ನಕಲು ತೆಗೆಯಲಾ ಅಂತ ಮೇಷ್ಟ್ರನ್ನು ಕೇಳಿದಳಂತೆ. ಹತ್ತು ಸಲ ನೋಡು, ಆಮೇಲೆ ಫೋನ್ ಮುಚ್ಚಿಟ್ಟು ಬರಿ ಅಂದರಂತೆ ಅವರು.

ಏಳನೇ ಭೇಟಿಗೆ 36 ಹಾಳೆಯ ಕಟ್ಟು ತಂದಳು. ಲೆಕ್ಕ ಹಾಕಿದರೆ ಮೂರು ಸೆಕೆಂಡು. ಬಾಲ ಇರಲಿಲ್ಲ, ಅದನ್ನು ಕೊನೆಗೆ ಬೇರೆಯಾಗಿ ಬರೆಯುತ್ತಾರಂತೆ. ನನ್ನ ಮೇಜಿನ ಮೇಲೆ ಕಟ್ಟು ಹಿಡಿದು ಮಗುಚಿದಳು. ತಲೆ ಜೀಕಿತು, ಸೊಂಟ ಎದ್ದಿತು, ಹಸು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಮೇಷ್ಟ್ರು ಪಾಸು ಮಾಡಿದ್ದಾರೆ, ಮುಂದಿನ ಕೆಲಸಕ್ಕೆ ಹೋಗು ಅಂದಿದ್ದಾರೆ ಅಂದಳು.

"ಆದರೆ ಇನ್ನೂ ಆರು ಹಾಳೆ ಸೇರಿಸಬೇಕು ಮೇಡಂ."

ಯಾಕೆ ಅಂತ ಕೇಳಿದೆ. ಪೆನ್ಸಿಲ್ ಟೆಸ್ಟನ್ನು ಅಪ್ಪನಿಗೆ ಕಳಿಸಿದ್ದಳಂತೆ. ಅವರು ಎರಡು ಸಲ ನೋಡಿ ಫೋನ್ ಮಾಡಿದರಂತೆ. "ಚೆನ್ನಾಗಿದೆ ಪುಟ್ಟಿ. ಆದರೆ ಇದು ನಮ್ಮ ಗೌರಿ ಅಲ್ಲ. ಗೌರಿ ಮಂಡಿಯೂರಿ ಸ್ವಲ್ಪ ಹೊತ್ತು ಹಾಗೇ ನಿಂತು ಯೋಚನೆ ಮಾಡುತ್ತಲ್ಲ, ಅದೆಲ್ಲಿ?"