ಚೀಸ್ ಹೆಪ್ಪಿಗೆ ಒಂದೇ ತಳಿ ಸಾಲದಾ?

ಪ್ರಶ್ನೆ: ಗೌಡಾ ಚೀಸ್‌ಗೆ ಹಾಕುವ ಸ್ಟಾರ್ಟರ್‌ನಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾ ಬೆರೆತಿರುತ್ತವಂತೆ. ಚುರುಕಾದ ಒಂದೇ ತಳಿ ಹಾಕಿದರೆ ಆಗಲ್ವಾ? ಮನೆಯ ಮೊಸರನ್ನೇ ಹೆಪ್ಪು ಹಾಕಿದರೆ?
— ಒಬ್ಬ ಓದುಗರು, ಹಾಸನ

ಉತ್ತರ: ಬರೀ ಹುಳಿ ಬರಿಸುವುದಾಗಿದ್ದರೆ ಒಂದೇ ಸಾಕಿತ್ತು. ಗೌಡಾದಲ್ಲಿ ಆ ಕೆಲಸ ಲ್ಯಾಕ್ಟೋಕಾಕಸ್‌ಗಳದ್ದು, ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಜೊತೆಗಿರುವ ಲ್ಯೂಕೊನೊಸ್ಟಾಕ್, ಡೈಅಸಿಟಿಲ್ಯಾಕ್ಟಿಸ್ ಬಗೆಯವು ಹಾಲಿನಲ್ಲಿ ಚೂರೇ ಚೂರು ಇರುವ ಸಿಟ್ರೇಟ್ ಎಂಬ ಲವಣವನ್ನೂ ತಿನ್ನದೆ ಬಿಡುವುದಿಲ್ಲ. ಅದರಿಂದಲೇ ಬೆಣ್ಣೆಯ ಘಮ ಬರುವುದು, ಒಂದಿಷ್ಟು ಗ್ಯಾಸೂ ಬರುತ್ತದೆ. ಗೌಡಾ ಕೊಯ್ದಾಗ ಕಾಣುವ ಸಣ್ಣ ಸಣ್ಣ ತೂತು ಆ ಗ್ಯಾಸಿನದೇ.

ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬ್ಯಾಕ್ಟೀರಿಯಾಗೂ ವೈರಸ್ ಕಾಟ ತಪ್ಪಿದ್ದಲ್ಲ, ಅದಕ್ಕೆ ಫೇಜ್ ಅಂತಾರೆ. 1930ರ ದಶಕದಲ್ಲಿ ನ್ಯೂಜಿಲೆಂಡಿನವರು ನೀವು ಹೇಳಿದ್ದನ್ನೇ ಮಾಡಿ ನೋಡಿದರು. ಬೆರಕೆ ಹೆಪ್ಪು ಗ್ಯಾಸು ಬಿಟ್ಟು ಚೆಡ್ಡರ್‌ನಲ್ಲಿ ಬಿರುಕು, ತೂತು ಮಾಡುತ್ತದೆ ಅಂತ ಒಂದೇ ತಳಿ ಹಾಕಿದರು. ಮೊದಮೊದಲು ಚೆನ್ನಾಗೇ ನಡೆಯಿತು, ಆಮೇಲೆ ಇದ್ದಕ್ಕಿದ್ದಂತೆ ಹುಳಿ ಬರುವುದೇ ನಿಂತು ತೊಟ್ಟಿ ತುಂಬಾ ಹಾಲು ಸಪ್ಪಗೆ ಕೂತುಬಿಡುತ್ತಿತ್ತು. ಇದು ಫೇಜ್ ಕೆಲಸ ಎಂದು 1935ರಲ್ಲಿ ಅಲ್ಲಿನ ವಿಜ್ಞಾನಿಗಳಾದ ವೈಟ್‌ಹೆಡ್ ಮತ್ತು ಕಾಕ್ಸ್ ತೋರಿಸಿದರು. ಒಂದು ಫೇಜ್ ಒಳಹೊಕ್ಕರೆ ಗಂಟೆಯೊಳಗೆ ಹತ್ತಾರು ಮರಿ ಫೇಜ್‌ಗಳು ಬ್ಯಾಕ್ಟೀರಿಯಾವನ್ನೇ ಒಡೆದು ಆಚೆ ಬರುತ್ತವೆ, ಚೀಸ್ ಹಿಂಡಿದ ನೀರಿನ ಒಂದು ಹನಿ ಸಿಡಿದರೂ ಸಾಕು ಪಕ್ಕದ ತೊಟ್ಟಿಗೆ ಹರಡುತ್ತವೆ, ಕೆಲವಂತೂ ಪಾಶ್ಚರೀಕರಣದ ಬಿಸಿಗೂ ಜಗ್ಗುವುದಿಲ್ಲ.

ಆದರೆ ಫೇಜ್‌ಗೂ ಒಂದು ಮಿತಿ ಇದೆ, ತನಗೆ ಒಗ್ಗುವ ತಳಿಯನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಬೆರಕೆ ಹೆಪ್ಪಿನಲ್ಲಿ ಹೆಸರಿಗೆ ಎರಡು ಮೂರೇ ಜಾತಿ, ಒಳಗೆ ತಳಿಗಳು ಬೇಕಾದಷ್ಟು. ಒಂದು ಸತ್ತರೆ ಇನ್ನೊಂದು ಆ ಜಾಗ ಹಿಡಿಯುತ್ತದೆ, ಹುಳಿ ಬರುವುದು ನಿಲ್ಲುವುದಿಲ್ಲ. (ಜೀನ್ ತಿದ್ದುವ ಕ್ರಿಸ್ಪರ್ ಹೆಸರು ಕೇಳಿದ್ದೀರಲ್ವಾ? ಅದು ಬ್ಯಾಕ್ಟೀರಿಯಾ ಫೇಜ್‌ನಿಂದ ತನ್ನನ್ನು ಕಾಪಾಡಿಕೊಳ್ಳುವ ಉಪಾಯ ಅಂತ 2007ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಮೊಸರು, ಮೊಜ್ಜರೆಲ್ಲಾದಲ್ಲಿ ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್‌ನಲ್ಲೇ.)

ಇನ್ನು ಮನೆ ಮೊಸರು. ಎರಡು ದಿನದಲ್ಲಿ ತಿಂದು ಮುಗಿಸುವ ಮೆತ್ತನೆ ಚೀಸ್‌ಗಾದರೆ ಧಾರಾಳವಾಗಿ ಹಾಕಿ. ಆದರೆ ಒಂದೊಂದು ಮನೆ ಹೆಪ್ಪಿನಲ್ಲೂ ಒಂದೊಂದು ಥರದ ಬ್ಯಾಕ್ಟೀರಿಯಾ ಇರುವುದರಿಂದ ಹುಳಿ ಯಾವಾಗ, ಎಷ್ಟು ಬರುತ್ತದೆ ಅಂತ ಮೊದಲೇ ಹೇಳಲಾಗದು. ತಿಂಗಳುಗಟ್ಟಲೆ ಮಾಗಿಸುವ ಗೌಡಾಗೆ ಸುಮ್ನೆ ಆ ರಿಸ್ಕ್ ಬೇಡ, ಪ್ಯಾಕೆಟ್ ಕಲ್ಚರ್ ತನ್ನಿ. ಅದರ ಮೇಲೆ ಮೆಸೊಫಿಲಿಕ್ ಅಂತ ಇರಬೇಕು, ಅಂದರೆ 30 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವಂಥದ್ದು.